ನಾವು ಅಳೆಯದೆ ಬಿಟ್ಟ ಸೀಟು

ಹಳೆಯ ಕಾರು ಕೊಳ್ಳುವಾಗ ಮೊದಲು ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಬೇಕು. ಚೆನ್ನೈನಲ್ಲಿ ಕೇಳದಿದ್ದರೂ ಎಲ್ಲರೂ ಹೇಳಿಕೊಡುವ ಪಾಠ ಇದು. ಮಳೆಗಾಲದಲ್ಲಿ ನೀರು ನುಗ್ಗಿದ ಕಾರನ್ನು ಎಷ್ಟೇ ತೊಳೆದು ಒರೆಸಿ ಸೆಂಟು ಹೊಡೆದಿಟ್ಟರೂ ಬೆಲ್ಟಿನ ಸುರುಳಿಯೊಳಗೆ ಯಾರ ಕೈಯೂ ಹೋಗಿರುವುದಿಲ್ಲ. ಪೂರ್ತಿ ಎಳೆದರೆ ನೀರು ಎಲ್ಲಿಯವರೆಗೆ ನಿಂತಿತ್ತು ಎಂದು ಹೇಳುವ ಕಂದು ಗೆರೆ ಕಾಣುತ್ತದೆ. ಏಳು ತಿಂಗಳಲ್ಲಿ ನಾನು ಎಷ್ಟು ಬೆಲ್ಟು ಎಳೆದೆನೋ ನೆನಪಿಲ್ಲ. ಆ ವಿದ್ಯೆಯಲ್ಲಿ ಈಗ ಚೆನ್ನಾಗಿ ಪಳಗಿದ್ದೇನೆ. ಅದರಿಂದ ಮನೆಗೆ ಏನು ಬಂತು ಎಂದು ಯಾರಾದರೂ ಕೇಳಿದರೆ ಮಾತ್ರ ನನಗೆ ಸಿಟ್ಟು ಬರುತ್ತದೆ.

ಕಾರು ಬೇಕಾದದ್ದು ನನ್ನ ಹೆಂಡತಿಗೆ. ಅವಳು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಮೈಸೂರಿನಿಂದ ನಾವು ಇಲ್ಲಿಗೆ ಬಂದು ಹನ್ನೊಂದು ವರ್ಷ. ಅಷ್ಟೂ ವರ್ಷ ವೆಸ್ಟ್ ಮಾಂಬಲಂನ ಅದೇ ಓಣಿಯಿಂದ ಸ್ಟೇಷನ್ನಿಗೆ ನಡೆದು, ಲೋಕಲ್ ರೈಲು ಹಿಡಿದು ಶಾಲೆಗೆ ಹೋಗಿ ಬರುತ್ತಿದ್ದಳು. ಒಂದು ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಕಾಲು ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಮಾಡಿ ಕೀಲನ್ನೇ ಬದಲಾಯಿಸಿದರು. ಮನೆಗೆ ಕಳಿಸುವಾಗ ಡಾಕ್ಟರು ಎರಡು ಮಾತು ಹೇಳಿದರು. ತಗ್ಗಿನಲ್ಲಿ ಕೂರಬಾರದು, ಕೂತಾಗ ಸೊಂಟ ಯಾವಾಗಲೂ ಮಂಡಿಗಿಂತ ಮೇಲಿರಬೇಕು. ಎರಡನೆಯದು, ವಾರಕ್ಕೆ ಮೂರು ದಿನ ಆಸ್ಪತ್ರೆಗೆ ಬಂದು ಫಿಸಿಯೊಥೆರಪಿ ಮಾಡಿಸಿಕೊಳ್ಳಬೇಕು, ತಪ್ಪಿಸಿದರೆ ಕೀಲು ಬಿಗಿದುಕೊಂಡುಬಿಡುತ್ತದೆ.

ಅವಳ ತರಗತಿ ಇದ್ದದ್ದು ಎರಡನೆಯ ಮಹಡಿಯಲ್ಲಿ. ಜೂನ್ ಹೊತ್ತಿಗೆ ಮೆಟ್ಟಿಲು ಹತ್ತುವ ಹಾಗಾಗಬೇಕು ಎನ್ನುವುದೊಂದೇ ಅವಳ ತಲೆಯಲ್ಲಿತ್ತು. "ಯಾವ್ದಾದ್ರೂ ಒಂದು ಹಳೇ ಕಾರು ತಗೊಳ್ರೀ. ಹತ್ತೋಕೆ ಇಳಿಯೋಕೆ ಆದ್ರೆ ಸಾಕು," ಎಂದಳು.

ಈ ಮಾತು ಕೇಳಿ ನನಗಾದದ್ದು ಸಂತೋಷ. ಹೆಂಡತಿ ವಾಕರ್ ಹಿಡಿದು ನಿಂತಿದ್ದಾಗ ಗಂಡನಿಗೆ ಸಂತೋಷವಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೆ ಆದದ್ದು ಅದೇ. ಕಾರಿನ ಹುಚ್ಚು ನನಗೆ ಚಿಕ್ಕಂದಿನದು. ಕಾರು ಮಾತ್ರ ಒಂದೂ ಇರಲಿಲ್ಲ. ಎರಡು ಗಾಡಿ ಎದುರುಬದುರಾದರೆ ಉಸಿರುಗಟ್ಟುವ ಓಣಿಯಲ್ಲಿ ಕಾರೇಕೆ ಎಂದು ಇಷ್ಟು ದಿನ ಬಾಯಿ ಮುಚ್ಚಿಸುತ್ತಿದ್ದವಳೇ ಈಗ ಬೇಕು ಎನ್ನುತ್ತಿದ್ದಳು.

ನನ್ನ ಹಾಗೆಯೇ ಹುಚ್ಚು ಹಿಡಿದ ಇನ್ನಿಬ್ಬರಿದ್ದರು. ಒಬ್ಬರು ಹುಬ್ಬಳ್ಳಿ ಕಡೆಯವರು, ಪ್ಯಾರೀಸ್ ಕಾರ್ನರ್‌ನಲ್ಲಿ ಕಾಗದದ ಹೋಲ್‌ಸೇಲ್ ಅಂಗಡಿ. ಹಣೆಗೆ ವಿಭೂತಿ ಇಟ್ಟುಕೊಂಡು, ಬಿಳಿ ಪಂಚೆಯುಟ್ಟು, ಆ ಪಂಚೆಯಲ್ಲೇ ರಸ್ತೆಯ ಮೇಲೆ ಮಲಗಿ ಕಾರಿನ ತಳ ನೋಡುವವರು. ಇನ್ನೊಬ್ಬ ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ಇನ್ಶೂರೆನ್ಸ್ ಕಂಪನಿಗೆ ಸರ್ವೇಯರ್. ಅವನ ಅಜ್ಜನ ಕಾಲಕ್ಕೇ ಇಲ್ಲಿಗೆ ಬಂದ ಮನೆತನ, ಕನ್ನಡದಲ್ಲಿ ಅರ್ಧ ತಮಿಳು ಬೆರೆತಿತ್ತು. ಅಪಘಾತವಾದ ಕಾರು, ಮುಳುಗಿದ ಕಾರು ನೋಡುವುದೇ ಅವನ ಉದ್ಯೋಗ. ಪೇಂಟಿನ ದಪ್ಪ ಅಳೆಯುವ ಪುಟ್ಟ ಯಂತ್ರವೊಂದು ಸದಾ ಅವನ ಜೇಬಿನಲ್ಲಿರುತ್ತಿತ್ತು.

ಭಾನುವಾರ ಬೆಳಿಗ್ಗೆ ನಮ್ಮ ಓಣಿಯ ತುದಿಯ ಚಹಾ ಅಂಗಡಿಯಲ್ಲಿ ಮೂವರೂ ಸೇರುತ್ತಿದ್ದೆವು.

"ನೋಡ್ರೀ ಸರ, ಜಪಾನ್ ಗಾಡಿ ಅಂದ್ರ ಕಣ್ಣ ಮುಚ್ಚಿ ತಗೋಬೇಕ್ರಿ. ಕೀಲಿ ತಿರುವಿದ್ರ ಸಾಕು, ತಾನ ಹೊಕ್ಕೈತಿ," ಎನ್ನುವುದು ಕಾಗದದವರ ವಾದ.

"ಅದು ಆ ಕಾಲ ಸಾರ್. ಇವಾಗ ಕೊರಿಯಾ ಗಾಡಿ ಏಸಿ ನೋಡಿ, ಚೆನ್ನೈ ವೆಯಿಲ್‌ಗೆ ಬೇರೆ ಯಾವುದೂ ನಿಲ್ಲಲ್ಲ," ಎಂದು ಸರ್ವೇಯರ್ ಎದುರು ಹೇಳುತ್ತಿದ್ದ.

ನಾನು ದೇಸಿ ಗಾಡಿಯ ತಗಡಿನ ಪರ. ಬಾಗಿಲು ಹಾಕಿದಾಗ ಬರುವ ಶಬ್ದದಲ್ಲೇ ಅದರ ಯೋಗ್ಯತೆ ಗೊತ್ತಾಗುತ್ತದೆ ಎಂದು ಮೂರು ಸಲ ಚಹಾ ತರಿಸಿ ವಾದಿಸುತ್ತಿದ್ದೆ. ಅಷ್ಟು ಹೊತ್ತಿಗೆ ಮನೆಯಲ್ಲಿ ಮಗಳು ಅಮ್ಮನ ಕಾಲಿಗೆ ಬಿಸಿನೀರಿನ ಚೀಲ ಇಡುತ್ತಿರುತ್ತಿದ್ದಳು.

ನಮ್ಮಲ್ಲಿ ಒಂದು ಕಟ್ಟುಪಾಡಿತ್ತು. ಮೂವರಲ್ಲಿ ಒಬ್ಬ ಬೇಡ ಎಂದರೂ ಆ ಗಾಡಿ ಬೇಡ. ಮರುಮಾತಿಲ್ಲ, ಮತ್ತೊಮ್ಮೆ ನೋಡೋಣ ಎನ್ನುವಂತಿಲ್ಲ. ಹಿಂದೆ ಕಾಗದದವರು ತಮ್ಮ ಗಾಡಿ ಕೊಂಡದ್ದು, ಸರ್ವೇಯರ್ ತನ್ನ ಮಾವನಿಗೆ ಕೊಡಿಸಿದ್ದು ಹಾಗೆಯೇ. ಇಬ್ಬರೂ ಮೋಸ ಹೋಗಿರಲಿಲ್ಲ ಎನ್ನುವುದು ನಮ್ಮ ಹೆಮ್ಮೆ.

ಕಾಸಿಮೇಡಿನ ಮೀನು ಬಂದರಿಗೆ ಹೋದ ಬೆಳಗು ನೆನಪಿದೆ. ಮೀನಿನ ಹರಾಜು ಮುಗಿಸಿಕೊಂಡೇ ಮಾತಿಗೆ ಸಿಗುವ ಮನುಷ್ಯರೊಬ್ಬರು ತಮ್ಮ ಗಾಡಿ ಮಾರುತ್ತಿದ್ದರು. ಹೊರಗಿನಿಂದ ಕಾರು ಮದುಮಗನ ಹಾಗಿತ್ತು. ಕಾಗದದವರು ಮೀನಿನ ನೀರು ಹರಿಯುವ ನೆಲದ ಮೇಲೆ ಹಳೆಯ ಪೇಪರ್ ಹಾಸಿ ಮಲಗಿ, ಟಾರ್ಚ್ ಬಿಟ್ಟು, ಒಂದು ನಿಮಿಷದಲ್ಲಿ ಹೊರಬಂದರು. "ಉಪ್ಪು ತಿಂದೈತ್ರಿ ತಳ. ಮುಟ್ಟಿದ್ರ ಹಪ್ಪಳಾಗಿ ಉದುರ್ತೈತಿ." ಸಮುದ್ರದ ಗಾಳಿಗೆ ಹಾಗಾಗುತ್ತದೆ. ಆ ದಿನ ನಾವು ಸರಿಯಾಗಿಯೇ ತೀರ್ಮಾನಿಸಿದೆವು. ಸರಿಯಾದ ತೀರ್ಮಾನಗಳೇ ನಮ್ಮನ್ನು ಕೆಡಿಸಿದ್ದು ಎಂದು ಈಗ ಅನ್ನಿಸುತ್ತದೆ. ಅಲ್ಲಿಂದ ಮರಳುವಾಗ ಮೂವರೂ ಗೆದ್ದವರ ಹಾಗೆ ನಗುತ್ತಿದ್ದೆವು.

ಮರುವಾರ ನಮ್ಮ ಬೀದಿಯಿಂದ ನಾಲ್ಕು ಬೀದಿ ಆಚೆ ಒಂದು ಗಾಡಿ ಸಿಕ್ಕಿತು. ಒಬ್ಬಂಟಿ ಹಿರಿಯ ಹೆಂಗಸೊಬ್ಬರದು. ಪುಟ್ಟ ಗಾಡಿ, ಆದರೆ ಎತ್ತರ. ಹತ್ತಿರದಲ್ಲೇ ಇದ್ದುದರಿಂದ ಹೆಂಡತಿಯನ್ನೂ ಕರೆದುಕೊಂಡು ಹೋಗಿದ್ದೆವು. ಬಾಗಿಲು ತೆಗೆದದ್ದೇ ಅವಳು ಬೆನ್ನು ತಿರುಗಿಸಿ ಹಿಂದಕ್ಕೆ ಸರಿದು, ಕೂತು, ಎರಡೂ ಕಾಲನ್ನು ತಾನೇ ಒಳಗೆ ತೆಗೆದುಕೊಂಡಳು. ಯಾರೂ ಹಿಡಿಯಬೇಕಾಗಲಿಲ್ಲ. ಬಿದ್ದ ಮೇಲೆ ಅವಳ ಮುಖ ಅಷ್ಟು ಸಡಿಲವಾದದ್ದನ್ನು ನಾನು ನೋಡಿರಲಿಲ್ಲ.

"ಕುರ್ಚಿ ಮೇಲೆ ಕೂತ ಹಾಗೇ ಇದೆ ಕಣ್ರೀ. ಇದೇ ಸಾಕು."

ಅಷ್ಟರಲ್ಲಿ ಸರ್ವೇಯರ್ ಎಡಗಡೆಯ ಹಿಂದಿನ ಬಾಗಿಲಿಗೆ ತನ್ನ ಯಂತ್ರ ಒತ್ತಿದ್ದ. "ಸಾರ್, ಈ ಡೋರ್ ಮಾತ್ರ ಡಬಲ್ ತೋರಿಸ್ತದೆ. ರೀಪೇಂಟ್. ಎಲ್ಲೋ ಗುದ್ದಿರ್ಬೇಕು."

ಮನೆಯ ಗೇಟು ತಾಗಿ ಗೀಚಿತ್ತು, ಅದಕ್ಕೆ ಬಣ್ಣ ಹೊಡೆಸಿದೆ ಎಂದು ಆ ಹೆಂಗಸು ತಮಿಳಿನಲ್ಲಿ ಹೇಳಿದರು. ಗೇಟನ್ನೂ ತೋರಿಸಿದರು.

"ಎಲ್ಲಾರೂ ಸುಮ್ಮಾ ಹಂಗೇ ಹೇಳ್ತಾರೆ ಸಾರ್. ನನಗೆ ಬೇಡ ಅನಿಸ್ತದೆ," ಎಂದ ಅವನು, ಕನ್ನಡದಲ್ಲಿ.

ಒಂದು ಬಾಗಿಲಿನ ಬಣ್ಣ. ಗೇಟಿನ ಕಬ್ಬಿಣಕ್ಕೆ ಅಂಟಿದ್ದ ಕಾರಿನ ಬಣ್ಣ ನನ್ನ ಕಣ್ಣಿಗೇ ಕಾಣುತ್ತಿತ್ತು. ಆ ಹೆಂಗಸು ಹೇಳುವುದು ನಿಜ ಎಂದು ನನಗೆ ಗೊತ್ತಿತ್ತು. ಆದರೂ ಕಟ್ಟುಪಾಡು ಮುರಿಯುವ ಧೈರ್ಯ ಬರಲಿಲ್ಲ. ಹೆಂಡತಿ ಹೇಳಿದ್ದಕ್ಕೆ ಕುಣಿಯುವವನು ಎಂದು ಅವರಿಬ್ಬರು ನಕ್ಕಾರು ಎಂಬ ಅಂಜಿಕೆ ಇತ್ತು. ಅದಕ್ಕಿಂತ ಹೆಚ್ಚಾಗಿ, ಈ ಗಾಡಿ ಕೊಂಡರೆ ಹುಡುಕಾಟ ಮುಗಿದುಹೋಗುತ್ತಿತ್ತು. ಎರಡೇ ತಿಂಗಳಿಗೆ ಅದು ಮುಗಿಯುವುದು ನನಗೆ ಬೇಕಿರಲಿಲ್ಲ.

"ಇದು ಬೇಡ, ಇಳಿ," ಎಂದೆ. ಅವಳು ಇಳಿದಳು. ಆಮೇಲೆ ಯಾವ ಗಾಡಿ ನೋಡಲೂ ಬರಲಿಲ್ಲ.

ಮುಂದಿನ ತಿಂಗಳುಗಳು ಹಾಳಾದದ್ದು ಹೀಗೆ. ಬೆಳಿಗ್ಗೆ ಕ್ಯಾಬ್ ಬುಕ್ ಮಾಡುವುದು, ಡ್ರೈವರ್ ಓಣಿಯ ಹೆಸರು ಕೇಳಿ ಕ್ಯಾನ್ಸಲ್ ಮಾಡುವುದು. ಇನ್ನೊಂದು ಬುಕ್ ಮಾಡುವಷ್ಟರಲ್ಲಿ ಆಸ್ಪತ್ರೆಯ ಸಮಯ ದಾಟುವುದು. ವಾರಕ್ಕೆ ಮೂರು ದಿನ ಇದ್ದದ್ದು ಎರಡಾಯಿತು, ಕೆಲವು ವಾರ ಒಂದಾಯಿತು. ಅವಳು ಬಟ್ಟೆ ಬದಲಾಯಿಸಿ ಬಾಗಿಲ ಬಳಿ ಕೂತಿದ್ದು, ಹತ್ತೂವರೆಗೆ ಎದ್ದು ಒಳಗೆ ಹೋಗುತ್ತಿದ್ದಳು. ನಾನು ಆಫೀಸಿನಿಂದ ಫೋನ್ ಮಾಡಿ, "ಇನ್ನೊಂದು ವಾರ ತಡ್ಕೋ, ಕಾರೇ ಬರತ್ತೆ," ಎನ್ನುತ್ತಿದ್ದೆ. ಎಷ್ಟು ವಾರ ಹಾಗೆ ಹೇಳಿದೆನೋ. ಮಗಳು ಒಂದು ದಿನ, "ಅಪ್ಪಾ, ಪ್ಲೀಸ್, ಸುಮ್ನೆ ಏದಾವದು ಒಂದು ವಾಂಗಿಡುಂಗ," ಎಂದು ರೇಗಿದಳು. ಯಾವುದೋ ಒಂದು ಕೊಂಡುಬಿಡಿ ಎಂದು. ಯಾವುದೋ ಒಂದನ್ನು ಕೊಳ್ಳಲು ಆಗುವುದಿಲ್ಲ, ನಿನಗೆ ಗೊತ್ತಾಗುವುದಿಲ್ಲ ಎಂದು ಅವಳ ಮೇಲೇ ಹಾರಾಡಿದೆ.

ಹುಡುಕಾಟದ ಪಟ್ಟಿ ಮೊದಲು ನನ್ನ ಪುಸ್ತಕದಲ್ಲಿತ್ತು. ಅದರ ಮೊದಲ ಸಾಲು, ಸೀಟು ಎತ್ತರವಿರಬೇಕು. ಆಮೇಲೆ ಸರ್ವೇಯರ್ ಅದನ್ನು ತನ್ನ ಫೋನಿಗೆ ಹಾಕಿಕೊಂಡು ಕಾಲಂ ಮಾಡಿದ. ಟೈರಿನ ಆಳ, ಪೇಂಟಿನ ದಪ್ಪ, ತಳಕ್ಕೂ ನೆಲಕ್ಕೂ ಇರುವ ಅಂತರ, ಬ್ಯಾಟರಿಯ ವಯಸ್ಸು. ಸೀಟಿನ ಮಾತು 'ಕಂಫರ್ಟ್' ಎಂಬ ಕಾಲಮ್ಮಿಗೆ ಸೇರಿಹೋಯಿತು. ಅದಕ್ಕೆ ಅಂಕ ಕೊಡುತ್ತಿದ್ದವರು ಸ್ಟೀರಿಂಗ್ ಹಿಡಿದು ಕೂರುತ್ತಿದ್ದ ನಾವು ಮೂವರು. ನಮ್ಮ ಸೊಂಟಗಳು ಚೆನ್ನಾಗಿದ್ದವು.

ಐದನೆಯ ತಿಂಗಳಲ್ಲಿ ಅವಳೇ ಒಂದು ಆಟೋ ಗೊತ್ತು ಮಾಡಿಕೊಂಡಳು. ಹಿಂದಿನ ಬೀದಿಯ ಹೆಂಗಸು, ಐವತ್ತು ದಾಟಿದವರು, ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟು ಹತ್ತು ಗಂಟೆಗೆ ಬಿಡುವಾಗುತ್ತಿದ್ದರು. ಆಟೋ ಸೀಟು ಎತ್ತರ, ಬಾಗಿಲಿನ ತಾಪತ್ರಯವಿಲ್ಲ. "ಮೆದುವಾ ವಾಂಗಕ್ಕಾ, ಅವಸರಂ ಇಲ್ಲೆ," ಎಂದು ಅವರು ಮೆಲ್ಲಗೆ ಬರಹೇಳಿ ತೋಳು ಕೊಟ್ಟು ಹತ್ತಿಸುತ್ತಿದ್ದರಂತೆ. ಆಮೇಲೆ ಒಂದು ದಿನವೂ ತಪ್ಪಲಿಲ್ಲ. ಆದರೆ ತಪ್ಪಿದ ದಿನಗಳು ತಮ್ಮ ಕೆಲಸ ಮಾಡಿಬಿಟ್ಟಿದ್ದವು. ಜೂನಿಗೆ ಮೊದಲು ಡಾಕ್ಟರು ಕಾಲನ್ನು ಎತ್ತಿ ಬಗ್ಗಿಸಿ ನೋಡಿ, ಇದಕ್ಕಿಂತ ಹೆಚ್ಚು ಬಗ್ಗುವುದು ಕಷ್ಟ, ಇಷ್ಟನ್ನು ಉಳಿಸಿಕೊಳ್ಳಿ ಎಂದರು. ಎರಡು ಮಹಡಿ ಹತ್ತಲಾಗುವುದಿಲ್ಲ ಎಂದು ಅವಳು ಶಾಲೆಗೆ ಕೆಲಸ ಬಿಡುವ ಪತ್ರ ಬರೆದುಕೊಟ್ಟಳು. ಕನ್ನಡಕ ಹಾಕಿಕೊಂಡು, ಊಟದ ಮೇಜಿನ ಮೇಲೆ, ಒಂದೇ ಸಲಕ್ಕೆ ಬರೆದಳು.

ಕಾರು ಸಿಕ್ಕಿದ್ದು ಅದಾದ ಎರಡು ವಾರಕ್ಕೆ. ಕಾಗದದವರ ಪರಿಚಯದವರದು, ಒಬ್ಬರೇ ಓಡಿಸಿದ್ದು, ಉದ್ದನೆಯ ಡಿಕ್ಕಿಯ ಜಪಾನ್ ಗಾಡಿ. ಬೆಲ್ಟಿನಲ್ಲಿ ಗೆರೆಯಿಲ್ಲ, ತಳದಲ್ಲಿ ತುಕ್ಕಿಲ್ಲ, ನಾಲ್ಕೂ ಬಾಗಿಲಿಗೆ ಕಾರ್ಖಾನೆಯ ಬಣ್ಣ. ಏಳು ತಿಂಗಳಲ್ಲಿ ಮೊದಲ ಸಲ ಮೂವರೂ ಹೂಂ ಎಂದೆವು. ಕಾಗದದವರು ನನ್ನನ್ನು ತಬ್ಬಿಕೊಂಡರು. ಮನೆ ಮುಂದೆ ತಂದು ನಿಲ್ಲಿಸಿ, ಹೂವು ಹಾಕಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಅವಳನ್ನು ಕೂಗಿದೆ.

ಅವಳು ಕೋಲು ಹಿಡಿದು ಬಂದು ಬಾಗಿಲ ಬಳಿ ನಿಂತಳು. ಸೀಟು ಎಲ್ಲಿದೆ ಎಂದು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಆಗ ನನಗೆ ಹೊಳೆಯಿತು. ನೆಲಕ್ಕೆ ಅಂಟಿದಂತಿದ್ದ ಆ ಸೀಟಿನಲ್ಲಿ ನಾನು ಅಷ್ಟು ಸಲ ಕೂತು ಎದ್ದಿದ್ದೆ, ಅದರ ಎತ್ತರ ಮಾತ್ರ ನೋಡಿರಲಿಲ್ಲ.

ಆದರೂ ಕೂತಳು. ಮಂಡಿ ಸೊಂಟಕ್ಕಿಂತ ಮೇಲಕ್ಕೆ ಬಂದಿತು. ಏಳಲು ಆಗಲಿಲ್ಲ. ನಾನೊಂದು ಕಡೆ, ಮಗಳೊಂದು ಕಡೆ ಹಿಡಿದು ಎತ್ತಿದೆವು. ಅವಳ ಬಾಯಿಂದ ಬಂದ ಸದ್ದು ಕೇಳಿ ಎದುರುಮನೆಯವರು ಹೊರಗೆ ಬಂದರು. ಮರುದಿನ ದಿಂಬು ಇಟ್ಟು ನೋಡಿದೆವು. ಸೊಂಟ ಮೇಲಾಯಿತು, ತಲೆ ಛಾವಣಿಗೆ ತಗುಲಿತು.

"ಮಾರಿಬಿಟ್ಟು ಬೇರೆ ನೋಡ್ತೀನಿ," ಎಂದೆ.

"ಮತ್ತೆ ಏಳು ತಿಂಗಳಾ?" ಎಂದಳು. ಜಗಳದ ದನಿಯಲ್ಲ. ಆಮೇಲೆ ನನ್ನನ್ನು ಸಮಾಧಾನ ಮಾಡುವವಳ ಹಾಗೆ, "ನಿಮ್ಮ ಗಾಡಿ ಚೆನ್ನಾಗಿದೆ. ನೀವು ಓಡಿಸ್ಕೊಳ್ಳಿ," ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಸೋಮವಾರ ನಾನು ರಜೆ ಹಾಕಿದ್ದೆ. ಹತ್ತು ಗಂಟೆಗೆ ಆಟೋ ಬಂತು, ಅವಳು ಹತ್ತಿದಳು. ಮನೆಯಲ್ಲಿ ಸುಮ್ಮನೆ ಕೂರಲಾಗದೆ ಕಾರು ತೆಗೆದು ಅವರ ಹಿಂದೆ ಹೊರಟೆ. ಆಟೋ ಪ್ರತಿ ರಸ್ತೆ ಹಂಪಿನ ಮುಂದೆ ಪೂರಾ ನಿಂತು, ಒಂದೊಂದೇ ಚಕ್ರ ಹತ್ತಿಸಿ ಇಳಿಸುತ್ತಿತ್ತು. ನನ್ನ ಹಿಂದಿನವರು ಹಾರ್ನ್ ಹೊಡೆದು ಬೈಯುತ್ತಿದ್ದರು. ಆಟೋದ ಹಿಂಬದಿಯ ಚಿಕ್ಕ ಕಿಟಕಿಯಲ್ಲಿ ಅವಳ ತಲೆ ಮುಂದಕ್ಕೆ ಬಾಗಿ ಏನೋ ಹೇಳುವುದು, ಇಬ್ಬರೂ ನಗುವುದು ಕಾಣುತ್ತಿತ್ತು. ಮನೆಯಲ್ಲಿ ಅವಳು ನಕ್ಕು ಎಷ್ಟು ದಿನವಾಗಿತ್ತು ಎಂದು ನೆನಪು ಮಾಡಿಕೊಳ್ಳಲು ಹೋಗಿ ಬಿಟ್ಟುಬಿಟ್ಟೆ. ನನ್ನ ಎಂಜಿನ್ ಮಾತ್ರ ಸ್ವಲ್ಪವೂ ಸದ್ದಿಲ್ಲದೆ ಓಡುತ್ತಿತ್ತು.

ಆಸ್ಪತ್ರೆಯಲ್ಲಿ ಆಟೋ ನೇರ ಪೋರ್ಟಿಕೋಗೆ ಹೋಯಿತು. ಅದರ ಹಿಂದೆಯೇ ನಾನೂ ತಿರುಗಿಸಿದೆ. ಸೆಕ್ಯೂರಿಟಿಯವನು ಕೈ ಅಡ್ಡ ಹಿಡಿದು, ಕಿಟಕಿಯಿಂದ ಬಗ್ಗಿ ನನ್ನ ಪಕ್ಕದ ಸೀಟು ನೋಡಿದ, ಹಿಂದಿನ ಸೀಟು ನೋಡಿದ.

"ಪೇಷೆಂಟ್ ಇರುಕ್ಕಾಂಗಳಾ ಸಾರ್?"

ಪೇಷೆಂಟ್ ಇದ್ದಾರಾ ಎಂದು ಕೇಳುತ್ತಿದ್ದ. ಅವಳು ಎದುರಿಗೇ, ಆಟೋ ಹೆಂಗಸಿನ ತೋಳು ಹಿಡಿದು ಒಂದೊಂದೇ ಹೆಜ್ಜೆ ಇಟ್ಟು ಒಳಗೆ ಹೋಗುತ್ತಿದ್ದಳು.

ಇಲ್ಲ ಎಂದೆ. ಹಾಗಾದರೆ ಇಲ್ಲಿ ನಿಲ್ಲಿಸಬೇಡಿ, ಹೊರಗೆ ತೆಗೆದುಕೊಂಡು ಹೋಗಿ ಎಂದು ಅವನು ಗೇಟಿನ ಕಡೆ ಕೈ ತೋರಿಸಿದ.