ಔಕೆಯ ಲ್ಯಾಪ್‌ಟಾಪ್ ಒಪ್ಪಿಕೊಂಡ ಕಾರ್ಡು

ಹಿಸ್ಕೆ ಹುಟ್ಟಿದ್ದೇ ದೋಣಿಯಲ್ಲಿ. ಅವಳಪ್ಪ ಆಲೂಗಡ್ಡೆ ಸಾಗಿಸುವ ದೋಣಿಯವನು. ಫ್ರೀಸ್‌ಲ್ಯಾಂಡಿನ ಕಾಲುವೆಗಳ ಮೇಲೆ, ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಅವಳು ನಡೆಯಲು ಕಲಿತಳು. ಇಪ್ಪತ್ತೆರಡನೆಯ ವಯಸ್ಸಿಗೆ ಸೇತುವೆ ಕಾಯುವ ಕೆಲಸ ಸಿಕ್ಕಿತು. ದೋಣಿ ಬಂದರೆ ರಸ್ತೆಗೆ ಅಡ್ಡಪಟ್ಟಿ ಇಳಿಸುವುದು, ಸೇತುವೆ ಎತ್ತುವುದು, ದೋಣಿ ದಾಟಿದ ಮೇಲೆ ಮತ್ತೆ ಇಳಿಸುವುದು. ಮೂವತ್ತೊಂದು ವರ್ಷ ಅದನ್ನೇ ಮಾಡಿದಳು, ಒಂದು ದಿನವೂ ಬೇಜಾರಾಗಲಿಲ್ಲ.

ಆಮೇಲೆ ಸೇತುವೆಗಳಿಗೆಲ್ಲ ಕ್ಯಾಮೆರಾ ಬಂತು. ದೂರದ ಕಚೇರಿಯಲ್ಲಿ ಕೂತ ಒಬ್ಬನೇ ಗುಂಡಿ ಒತ್ತಿ ಹತ್ತು ಸೇತುವೆ ಎತ್ತತೊಡಗಿದ. ಐವತ್ಮೂರು ವರ್ಷದ ಹಿಸ್ಕೆ ಮನೆಯಲ್ಲಿ ಕೂತಳು. ಕೂತವಳು ಕೂರಲಾರದೆ, ಕೆಟ್ಟುಹೋಗಿದ್ದ ತನ್ನದೇ ಕಂಪ್ಯೂಟರನ್ನು ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿ ಹರಡಿದಳು. ಮೂರು ವಾರ ಗಂಡ ನಿಂತುಕೊಂಡೇ ಊಟ ಮಾಡಿದ. ನಾಲ್ಕನೆಯ ವಾರ ಕಂಪ್ಯೂಟರು ಎದ್ದು ಕೂತಿತು.

ಅಂದಿನಿಂದ ಶನಿವಾರ ಬೆಳಗ್ಗೆ ಊರಿನ ಗ್ರಂಥಾಲಯದಲ್ಲಿ ಅವಳದೊಂದು ಮೇಜು. ಕೆಟ್ಟದ್ದನ್ನು ತಂದವರಿಗೆ ರಿಪೇರಿ ಪುಕ್ಕಟೆ. ಜೊತೆಗೆ ಚಹಾ, ಚಹಾದ ಜೊತೆ ಒಂದಿಷ್ಟು ಬೈಗುಳ.

ಏಪ್ರಿಲ್ ಕೊನೆಯ ಒಂದು ಶನಿವಾರ ಔಕೆ ಬಂದ. ಎಪ್ಪತ್ತೊಂಬತ್ತರ ಮುದುಕ, ಮೊಣಕಾಲವರೆಗೆ ರಬ್ಬರ್ ಬೂಟು, ಕಂಕುಳಲ್ಲಿ ಇಟ್ಟಿಗೆಯಷ್ಟು ದಪ್ಪದ ಹಳೇ ಲ್ಯಾಪ್‌ಟಾಪು.

"ಇದಕ್ಕೆ ವೈಫೈ ಸತ್ತೋಗಿದೆ, ಹಿಸ್ಕೆ. ಏನಾದ್ರೂ ಮಾಡಮ್ಮ."

ಔಕೆಯ ಕೆಲಸ ಊರಿಗೆಲ್ಲ ಗೊತ್ತು. ವಸಂತ ಬಂತೆಂದರೆ ಟಿಟ್ಟಿಭ ಹಕ್ಕಿಗಳು ಹುಲ್ಲುಗಾವಲಿನ ನೆಲದ ಮೇಲೆಯೇ ಮೊಟ್ಟೆ ಇಡುತ್ತವೆ. ಔಕೆ ದಿನವೂ ಹೊಲ ಸುತ್ತಿ ಗೂಡು ಹುಡುಕುತ್ತಾನೆ. ಸಂಜೆ ಲ್ಯಾಪ್‌ಟಾಪಿನ ನಕ್ಷೆಯಲ್ಲಿ ಗುರುತು ಹಾಕಿ ಕಳಿಸುತ್ತಾನೆ. ಹುಲ್ಲು ಕೊಯ್ಯುವ ಟ್ರ್ಯಾಕ್ಟರಿನ ಪರದೆಯ ಮೇಲೆ ಆ ಗುರುತುಗಳು ಮೂಡುತ್ತವೆ, ಚಾಲಕ ಗೂಡು ತಪ್ಪಿಸಿ ಹೋಗುತ್ತಾನೆ.

"ಹೊರಗಿಂದ ಚುಚ್ಚೋ ವೈಫೈ ಕಡ್ಡಿ ಬರುತ್ತಲ್ಲ, ಅದನ್ನ ಹಾಕ್ಕೊಳ್ಳಿ. ಎರಡು ನಿಮಿಷದ ಕೆಲಸ," ಎಂದಳು ಹಿಸ್ಕೆ.

"ಎರಡು ಮುರಿದೆ. ಸೈಕಲ್ ಚೀಲಕ್ಕೆ ತುರುಕಿದ್ರೆ ಚಟ್ ಅನ್ನುತ್ತೆ. ಈಗ ಆ ತೂತೂ ಸಡಿಲ."

"ಹಾಗಾದ್ರೆ ಹೊಸದು ತಗೊಳ್ಳಿ."

"ಮಗ ತಂದಿದ್ದ. ಅದು ಬಾಗಿಲು ತೆಗೆಯೋಕ್ಮುಂಚೆ ನನ್ನ ಕುಲಗೋತ್ರ ಎಲ್ಲಾ ಕೇಳುತ್ತೆ. ವಾಪಸ್ ಕೊಟ್ಬಿಟ್ಟೆ." ಔಕೆ ಕ್ಯಾಲೆಂಡರಿನ ಕಡೆ ನೋಡಿದ. "ಬರೋ ಶನಿವಾರ ಮೊದಲ ಕೊಯ್ಲು. ಟ್ರ್ಯಾಕ್ಟರಿನವನು ಬೇರೆ ಊರಿನ ಬಾಡಿಗೆಯವನು. ಕಾಗದದಲ್ಲಿ ಬರೆದುಕೊಟ್ರೆ ಅವನಿಗೆ ಏನು ತಿಳಿಯುತ್ತೆ? ಐವತ್ತೆಂಟು ಗೂಡು, ಹಿಸ್ಕೆ."

ಹಿಸ್ಕೆ ಚಹಾದ ಲೋಟ ಬದಿಗೆ ಸರಿಸಿದಳು. ಲ್ಯಾಪ್‌ಟಾಪನ್ನು ಬೋರಲು ಹಾಕಿ ಸ್ಕ್ರೂ ಬಿಚ್ಚಿದಳು. ಒಳಗೆ ಬೆಂಕಿಪೊಟ್ಟಣದಷ್ಟಗಲದ ವೈಫೈ ಕಾರ್ಡು ಸುಟ್ಟು ಕಂದಿತ್ತು. ತನ್ನ ಡಬ್ಬಿಯಿಂದ ಅಂಥದೇ ಒಂದನ್ನು ತೆಗೆದು ಕೂರಿಸಿದಳು. ಪಕ್ಕಾ ಕೂತಿತು. ಗುಂಡಿ ಒತ್ತಿದರೆ ಕಪ್ಪು ಪರದೆಯ ಮೇಲೆ ಒಂದೇ ಸಾಲು: ಈ ಕಾರ್ಡಿಗೆ ಅನುಮತಿಯಿಲ್ಲ, ತೆಗೆದು ಮತ್ತೆ ಶುರುಮಾಡಿ.

"ಏನಂತೆ?" ಔಕೆ ಕೇಳಿದ.

"ಇದೂ ನಿಮ್ಮ ಹಾಗೇ. ಹೊಸಬರನ್ನ ಒಳಗೆ ಬಿಡಲ್ಲ." ಲ್ಯಾಪ್‌ಟಾಪು ಮಾಡಿದ ಕಂಪನಿಯವರು ಅದರ ಹೊಟ್ಟೆಯೊಳಗೇ ಒಂದು ಪಟ್ಟಿ ಬರೆದಿಟ್ಟಿದ್ದರು. ಪಟ್ಟಿಯಲ್ಲಿದ್ದ ಕಾರ್ಡು ಸಿಕ್ಕರೆ ಏಳುತ್ತದೆ, ಇಲ್ಲದಿದ್ದರೆ ಮುಷ್ಕರ.

ಸುಟ್ಟ ಕಾರ್ಡಿನ ಚೀಟಿಯನ್ನು ಹಿಸ್ಕೆ ಭೂತಗನ್ನಡಿಯಲ್ಲಿ ಓದಿ ನಂಬರು ಬರೆದುಕೊಂಡಳು. ಅವತ್ತೇ ಒಂದನ್ನು ತರಿಸಲು ಹೇಳಿದಳು. ಬುಧವಾರ ಬಂತು. ಅದೇ ಅಳತೆ, ಅದೇ ಬಣ್ಣ, ಅದೇ ಹೆಸರು. ಔಕೆಯ ಮನೆಗೆ ಹೋಗಿ ಹಾಕಿದಳು. ಅನುಮತಿಯಿಲ್ಲ. ನೋಡಿದರೆ ನಂಬರಿನ ಕೊನೆಯ ಎರಡು ಅಂಕಿ ಬೇರೆ! "ಅಯ್ಯೋ ನಿನ್ನ!" ಎಂದು ಬೈದಳು, ಬೈದು ನಕ್ಕೂಬಿಟ್ಟಳು. ಅವಳಿಗೆ ಹಟ ಹತ್ತಿದ್ದೇ ಆಗ.

ಅಂಗಡಿಯ ಬಾಗಿಲಲ್ಲಿ, ಚರ್ಚಿನ ಹಲಗೆಯಲ್ಲಿ, ಹಾಡುವ ಸಂಘದ ಫೋನಿನ ಗುಂಪಿನಲ್ಲಿ ಸುದ್ದಿ ಹಾಕಿಸಿದಳು: ಇಂಥ ಹೆಸರಿನ ಹಳೇ ಲ್ಯಾಪ್‌ಟಾಪು, ಕೆಟ್ಟಿದ್ದರೂ ಸರಿ, ಅಟ್ಟದ ಮೇಲಿದ್ದರೆ ತಿಳಿಸಿ. ಗುರುವಾರ ಮಧ್ಯಾಹ್ನ ಫೋನು ಬಂತು.

"ಹಲೋ, ಎತ್ತರದ ಕಂಬದ ದೋಣಿ ಒಂದು ಬರ್ತಾ ಇದೆ, ಈ ಸಲನಾದ್ರೂ ಸೇತುವೆ ಬೇಗ ಎತ್ತು ಮಾರಾಯ್ತಿ!"

ಹಿಸ್ಕೆ ಕುರ್ಚಿಯಿಂದ ಎದ್ದೇ ನಿಂತಳು. ಗೆರ್ಬೆನ್! ಮುಂದಿನ ಸೇತುವೆಯನ್ನು ಕಾಯುತ್ತಿದ್ದವನು. ಮೂವತ್ತು ವರ್ಷ ಇಬ್ಬರೂ ಫೋನಿನಲ್ಲೇ ಜಗಳ ಆಡಿದವರು. ದೋಣಿ ತಡವಾದರೆ ಅವನು ಇವಳನ್ನು ಬೈಯುತ್ತಿದ್ದ, ಇವಳು ಅವನನ್ನು. ಮುಖ ನೋಡಿದ್ದು ಮಾತ್ರ ನಾಲ್ಕೇ ಸಲ.

"ನೀನಿನ್ನೂ ಇದ್ದೀಯಾ?" ಎಂದಳು.

"ಇದ್ದೀನಿ, ನನ್ನ ಹತ್ರ ನೀನು ಕೇಳಿದ ಡಬ್ಬಾನೂ ಇದೆ. ಪರದೆ ಒಡೆದಿದೆ. ಕೊನೆಗೆ ಹಳೇ ಗಂಡನ ಪಾದವೇ ಗತಿ ಅಂತ ನನ್ನ ಹತ್ರಾನೇ ಬರಬೇಕಾಯ್ತಾ!"

"ನಿನ್ನಂಥ ಗಂಡ ಸಿಕ್ಕಿದ್ರೆ ಆವತ್ತೇ ಕಾಲುವೆಗೆ ಹಾರ್ತಿದ್ದೆ. ನಾಳೆ ಬರ್ತೀನಿ."

ಹದಿನಾಲ್ಕು ಕಿಲೋಮೀಟರು, ಎದುರುಗಾಳಿ. ಹಿಸ್ಕೆ ಸೈಕಲ್ ಮೇಲೆ ಬಗ್ಗಿ ಕೂತು ತುಳಿದಳು. ಗೆರ್ಬೆನ್ ಬಾಗಿಲಲ್ಲೇ ಕಾದಿದ್ದ. ತಲೆ ಪೂರಾ ಬೋಳು, ದನಿ ಮಾತ್ರ ಅದೇ. ಸಕ್ಕರೆ ಹರಳು ತುಂಬಿದ ಬ್ರೆಡ್ಡಿಗೆ ದಪ್ಪಗೆ ಬೆಣ್ಣೆ ಸವರಿ ಇಟ್ಟಿದ್ದ.

"ಮೊದಲು ತಿನ್ನು."

"ಮೊದಲು ನಂಬರು."

ಮೇಜಿನ ಮೇಲೆ ಅವನ ಲ್ಯಾಪ್‌ಟಾಪು ಬಿಚ್ಚಿದಳು. ಭೂತಗನ್ನಡಿ ಹಿಡಿದು ಚೀಟಿ ಓದತೊಡಗಿದಳು. ಗೆರ್ಬೆನ್ ಅವಳು ನಂಬರು ಬರೆದು ತಂದಿದ್ದ ಕಾಗದ ನೋಡುತ್ತ ಒಂದೊಂದೇ ಅಂಕಿ ಕೂಗಿದ, ಅವಳು ಒಂದೊಂದಕ್ಕೂ "ಹೂಂ" ಅಂದಳು. ಕೊನೆಯ ಎರಡಕ್ಕೆ ಬರುವಾಗ ಅವನ ದನಿ ತಗ್ಗಿತು.

"ಏಳು."

"ಹೂಂ."

"ನಾಲ್ಕು."

ಹಿಸ್ಕೆ ಹೂಂಗುಟ್ಟಲಿಲ್ಲ. ಭೂತಗನ್ನಡಿ ಕೆಳಗಿಟ್ಟು, ಗೆರ್ಬೆನ್‌ನ ಬೋಳುತಲೆಗೆ ಸದ್ದಾಗುವಂತೆ ಒಂದು ಮುತ್ತು ಕೊಟ್ಟಳು. ಆಮೇಲೆ ಕಾರ್ಡು ಕಳಚಿ ಜೇಬಿಗಿಟ್ಟು, ಕೂತು ಬ್ರೆಡ್ಡಿನ ನಾಲ್ಕು ತುಂಡು ತಿಂದಳು.

"ಇನ್ನು ನನ್ನನ್ನ ಬಿಟ್ಟು ಹೋಗೋ ಹಾಗಿಲ್ಲ," ಎಂದು ಗೆರ್ಬೆನ್ ತನ್ನ ಸೈಕಲ್ಲನ್ನೂ ಹೊರಗೆ ತೆಗೆದ. ವಾಪಸು ದಾರಿಯಲ್ಲಿ ಗಾಳಿ ಬೆನ್ನಿಗಿತ್ತು. ಯಾವ ವರ್ಷ ಯಾವ ದೋಣಿಯನ್ನು ಯಾರು ನಿಲ್ಲಿಸಿದ್ದರು ಎಂದು ಕೂಗಾಡುತ್ತಲೇ ಇಬ್ಬರೂ ಔಕೆಯ ಮನೆ ಮುಟ್ಟಿದರು.

ಔಕೆಯ ಅಡುಗೆಮನೆಯಲ್ಲಿ ಹಿಸ್ಕೆ ಕಾರ್ಡು ಕೂರಿಸಿದಳು. ಕಪ್ಪು ವೈರು, ಬಿಳಿ ವೈರು, ಎರಡನ್ನೂ ಉಗುರಿನಿಂದ ಒತ್ತಿದಳು. ಗುಂಡಿ ಅದುಮಿದಳು. ಮೂವರೂ ಪರದೆಯ ಕಡೆ ಬಗ್ಗಿದರು. ಪರದೆ ಕಪ್ಪಾಯಿತು, ಸುಮಾರು ಹೊತ್ತು ಕಪ್ಪಾಗಿಯೇ ಇತ್ತು. ಆಮೇಲೆ ನೀಲಿಯಾಯಿತು. ಮೂಲೆಯಲ್ಲಿ ವೈಫೈಯ ಬೀಸಣಿಗೆ ಗೆರೆಗಳು ಒಂದೊಂದಾಗಿ ತುಂಬಿದವು.

"ಒಪ್ಕೊಂಡ್ತು!" ಔಕೆ ಬೂಟುಗಾಲಲ್ಲೇ ಕುಣಿದ. ಕುಣಿತ ಮುಗಿಸಿ ಕೂತವನು ಗೂಡುಗಳನ್ನೆಲ್ಲ ಒಂದೊಂದಾಗಿ ನಕ್ಷೆಗೇರಿಸಿ ಕಳಿಸಿದ. ಅಷ್ಟರಲ್ಲಿ ಅವು ಅರವತ್ತೊಂದಾಗಿದ್ದವು.

ಶನಿವಾರ ಗ್ರಂಥಾಲಯದ ಮೇಜಿನ ಮೇಲೆ "ಇವತ್ತು ರಜಾ" ಎಂಬ ಚೀಟಿ ಅಂಟಿಸಿ ಹಿಸ್ಕೆ ಹುಲ್ಲುಗಾವಲಿನ ಬದಿಯ ಕಾಲುವೆದಂಡೆಗೆ ಹೋದಳು. ಔಕೆ, ಗೆರ್ಬೆನ್ ಆಗಲೇ ಅಲ್ಲಿದ್ದರು. ದೊಡ್ಡ ಟ್ರ್ಯಾಕ್ಟರು ಹೊಲದ ಉದ್ದಕ್ಕೂ ಕೊಯ್ಯುತ್ತ ಬಂತು. ಗೂಡಿನ ಹತ್ತಿರ ಬಂದಾಗ ಅಲಗನ್ನು ಮೇಲಕ್ಕೆತ್ತಿ, ಸುತ್ತುಬಳಸಿ ಮುಂದೆ ಹೋಯಿತು. ಹಿಂದೆ ಎತ್ತರದ ಹುಲ್ಲಿನ ಸಣ್ಣ ಸಣ್ಣ ದ್ವೀಪಗಳು ಉಳಿದವು. ಟಿಟ್ಟಿಭಗಳು ಮೇಲೆದ್ದು ಟ್ರ್ಯಾಕ್ಟರಿಗೇ ಬೈಯುತ್ತ ಸುತ್ತಿ, ಒಂದೊಂದಾಗಿ ತಂತಮ್ಮ ದ್ವೀಪಕ್ಕೆ ಇಳಿದವು.

"ಚಾಲಕ ಚೆನ್ನಾಗಿ ಎತ್ತುತ್ತಾನೆ," ಎಂದ ಗೆರ್ಬೆನ್.

"ನಿನಗಿಂತ ಬೇಗ," ಎಂದಳು ಹಿಸ್ಕೆ.

"ಸುಮ್ನಿರಿ ಇಬ್ರೂ," ಔಕೆ ಬೆರಳು ಮಡಿಸುತ್ತ ಗದರಿದ, "ಎಣಿಕೆ ತಪ್ಪುತ್ತೆ. ಮೂವತ್ತೆರಡು... ಮೂವತ್ಮೂರು..."