ಗೌಸಣ್ಣನ ನವಾರು

ಗಡಿಯಾರ ನಿಂತರೆ ಗೌಸಣ್ಣನ ಜಗಲಿ ನೋಡಿ ಎನ್ನುತ್ತಿದ್ದರು ಹೊಳಲ್ಕೆರೆಯ ಆ ಓಣಿಯವರು. ರೆಹಾನಾ ಬಿಸಿಲಿಗೆ ಬಂದು ಕೂತಿದ್ದಳೆಂದರೆ ಎಂಟು ಗಂಟೆ. ಲಕ್ವ ಹೊಡೆದು ಬಲಮೈ ಬಿದ್ದುಹೋದ ಹೆಂಡತಿಯನ್ನು ಮಹಮ್ಮದ್ ಗೌಸ್ ದಿನಾ ತೋಳಲ್ಲಿ ಎತ್ತಿ ತಂದು ಕೂರಿಸುತ್ತಿದ್ದ. ಮದುವೆ ದಿನ ಎತ್ತಿಕೊಂಡವನು ಇನ್ನೂ ಇಳಿಸಿಲ್ಲ ಎಂದು ಎದುರುಮನೆ ರಂಗಕ್ಕ ನಗುತ್ತಿದ್ದಳು.

ಅವನದು ಮಂಚಕ್ಕೆ ನವಾರು ಹೆಣೆಯುವ ಕಸುಬು. ಆ ಅಗಲ ಪಟ್ಟಿಯನ್ನು ಬಿಗಿದು ಎಳೆದರೆ ಎಂಥ ಜೋಲು ಮಂಚವೂ ನೆಟ್ಟಗಾಗುತ್ತದೆ. ತನ್ನ ತೊಡೆಸಂದಿಯಲ್ಲಿ ನಿಂಬೆಹಣ್ಣಿನಷ್ಟು ಗಂಟು ಎದ್ದಾಗಲೂ ಅದನ್ನೇ ಮಾಡಿದ. ಗಂಟನ್ನು ಒಳಗೆ ತಳ್ಳಿ, ಒಂದು ಮಾರು ನವಾರು ಸುತ್ತಿ ಬಿಗಿದ. ನಾಲ್ಕು ವರ್ಷ ಯಾರಿಗೂ ಹೇಳಲಿಲ್ಲ. ಹರ್ನಿಯಾ ಆಪರೇಷನ್ ಆದವರು ಭಾರ ಎತ್ತಬಾರದೆಂದು ಕೇಳಿದ್ದ. ಹಾಗಾದರೆ ರೆಹಾನಾಳನ್ನು ಬಿಸಿಲಿಗೆ ತರುವವರು ಯಾರು? ಮಗಳು ಮದೀಹಾ ಹಿರಿಯೂರಿನಲ್ಲಿ, ಸಣ್ಣ ಮಕ್ಕಳ ತಾಯಿ.

ಒಂದು ಬೆಳಿಗ್ಗೆ ಗಂಟು ಒಳಗೆ ಹೋಗಲೇ ಇಲ್ಲ. ವಾಂತಿ ಹತ್ತಿತು. ರಂಗಕ್ಕನ ಗಂಡ ಮೂರ್ತಪ್ಪ ಆಟೋದಲ್ಲಿ ಚಿತ್ರದುರ್ಗಕ್ಕೆ ಕರೆದೊಯ್ದ. ಕರುಳು ಸಿಕ್ಕಿಕೊಂಡಿದೆ, ನಾಳೆವರೆಗೆ ಕಾದಿದ್ದರೆ ಕೊಳೆಯುತ್ತಿತ್ತು ಎಂದು ಬೈಯುತ್ತಲೇ ಡಾಕ್ಟರಮ್ಮ ಅಂದೇ ಆಪರೇಷನ್ ಮಾಡಿದರು. ಒಳಗೆ ಬಲೆ ಇಟ್ಟು ಹೊಲಿದಿದ್ದೇನೆ ಎಂದಾಗ ಅವನು ಕೇಳಿದ್ದು ಒಂದೇ, ಅದು ಎಷ್ಟು ಭಾರ ತಡೆಯುತ್ತದೆ ಎಂದು.

“ಎಳೆದ ತಕ್ಷಣ ಬಿಗಿಯಾಗೋಕೆ ಅದು ನಿಮ್ಮ ನವಾರಲ್ಲ. ಮಾಂಸ ಬಂದು ಹೆಣ್ಕೋಬೇಕು. ದಿನಾ ಓಡಾಡಿ, ತಿಣುಕಬೇಡಿ, ಕೆಮ್ಮು ಬಂದ್ರೆ ಅಂಗೈ ಒತ್ತಿ ಹಿಡೀರಿ. ತುಂಬಿದ ಬಿಂದಿಗೆ ಮೂರು ತಿಂಗಳು ಮುಟ್ಟಬೇಡಿ.”

ಅಷ್ಟು ದಿನ ತಾಯಿಯ ಬಳಿ ಇದ್ದ ಮದೀಹಾ ಹಿರಿಯೂರಿಗೆ ಮರಳಿದಳು. ಮನೆಗೆ ಬಂದ ಮಾರನೆಯ ಬೆಳಿಗ್ಗೆಯೇ ಅವನು ಹೆಂಡತಿಯ ಬೆನ್ನ ಕೆಳಗೆ ಕೈ ಹಾಕಿದ. ರೆಹಾನಾ ಎಡಗೈಯಲ್ಲಿ ಮಂಚದ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ನೀವ್ ಹೋದ್ರೆ ನನ್ನ ಎತ್ತೋರ್ ಯಾರ್ರೀ?” ಎಂದು ತೊದಲಿದಳು. ಅವನು ಕೈ ತೆಗೆದ.

ಎಂಟಾದರೂ ಜಗಲಿ ಖಾಲಿಯಿದ್ದುದನ್ನು ಕಂಡು ರಂಗಕ್ಕ ಓಡಿಬಂದಳು. ನಾಲ್ಕು ವರ್ಷದ ಗುಟ್ಟನ್ನು ಅವನು ಆಗ ಬಿಚ್ಚಿದ.

“ಅಲ್ಲ ಗೌಸಣ್ಣ, ಎದುರುಮನೇಲಿ ನಾವೇನ್ ಸತ್ತೋಗಿದ್ವಾ?”

ಅವನು ಕೂತಲ್ಲೇ ನವಾರಿನಲ್ಲಿ ನಾಲ್ಕು ಹಿಡಿಗಳ ಜೋಲಿ ಹೆಣೆದ. ಒಂದು ಕಡೆ ರಂಗಕ್ಕ, ಇನ್ನೊಂದು ಕಡೆ ಪಕ್ಕದ ಮನೆಯ ಕಾಟಮ್ಮ. ಮೊದಲ ದಿನ ಬಾಗಿಲಲ್ಲಿ ಸಿಕ್ಕಿಕೊಂಡು ಮೂವರೂ ನಕ್ಕರು. “ಮೆಲ್ಲಗೆ ಕಣ್ರೇ, ಹೊಸ ಸೊಸೆ ನಾನು” ಎಂದಳು ರೆಹಾನಾ. ನಕ್ಕರೆ ಹೊಲಿಗೆ ನೋಯುತ್ತದೆಂದು ಗೌಸಣ್ಣ ಹೊಟ್ಟೆಗೆ ಅಂಗೈ ಒತ್ತಿಕೊಂಡು ನಿಂತಿದ್ದ.

ಮೂರು ತಿಂಗಳಾದ ಮೇಲೆ ಡಾಕ್ಟರಮ್ಮ ಸರಿಯಾಗಿದೆ ಎಂದರು. ಆದರೂ ರಂಗಕ್ಕ ಅವನೊಬ್ಬನೇ ಎತ್ತಲು ಬಿಡಲಿಲ್ಲ. ಹೀಗೇ ಮೂರು ವರ್ಷ ನಡೆಯಿತು.

ಹೋದ ಚಳಿಗಾಲದ ಒಂದು ಸಂಜೆ ರೆಹಾನಾ ತೀರಿಕೊಂಡಳು. ಬೆಳಿಗ್ಗೆ ಜನಾಜದ ಮಂಚ ಎತ್ತುವಾಗ ಯಾರೋ, ಹೊಟ್ಟೆ ಕೊಯ್ಸಿಕೊಂಡವನೆಂದು, ಗೌಸಣ್ಣನನ್ನು ಪಕ್ಕಕ್ಕೆ ಸರಿಸಹೋದರು.

“ಬಿಡ್ರಪ್ಪ, ಎತ್ಲಿ,” ಎಂದಳು ಬಾಗಿಲಲ್ಲಿದ್ದ ರಂಗಕ್ಕ. “ಹೊಲಿಗೆ ಗಟ್ಟಿ ಐತೆ.”

ಅವನು ಹೆಗಲು ಕೊಟ್ಟ. ಜಗಲಿಗೆ ಆಗಷ್ಟೇ ಬಿಸಿಲು ಬಂದಿತ್ತು. ಅವನು ಅಲ್ಲಿ ಒಂದು ಗಳಿಗೆ ನಿಂತ, ಉಳಿದವರೂ ನಿಂತರು. ಆಮೇಲೆ ರೆಹಾನಾಳನ್ನು ಮೆಲ್ಲಗೆ ಮೆಟ್ಟಿಲಿಳಿಸಿದರು.