ಪಿಸುಮಾತಿನ ಮರಿಯಯ್ಯ

ತೆರಕಣಾಂಬಿಯ ಮರಿಯಯ್ಯನವರು ಬಾಯಿ ತೆರೆದರೆ ಗೋಪಾಲಸ್ವಾಮಿ ಬೆಟ್ಟದ ಆನೆಗಳು ದಾರಿ ಬದಲಿಸುತ್ತಿದ್ದವು. ಅಂಥವರು ಕಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯದಲ್ಲಿ ಮೂರು ದಿನ ಕೂತು ಬಂದಮೇಲೆ ಪಿಸುಮಾತಿಗಿಳಿದರು. ಗುಂಡ್ಲುಪೇಟೆ ಬಸ್ಸನ್ನೂ ಪಿಸುಗುಟ್ಟಿಯೇ ಕರೆಯುತ್ತಾರೆ. ಅದು ನಿಲ್ಲುವುದಿಲ್ಲ, ಇವರು ನಡೆದು ಹೋಗುತ್ತಾರೆ. ಟೀ ಅಂಗಡಿಯಲ್ಲಿ ಯಾರಾದರೂ ಬೆಂಚು ಎಳೆದರೆ ತುಟಿಗೆ ಬೆರಳಿಡುತ್ತಾರೆ. ಜೇಬಿನಲ್ಲಿ ಸದಾ ಒಂದು ನೋಟ್‌ಬುಕ್ಕು, ಅದರ ತುಂಬ ತೀರಿಹೋದ ಹೆಂಡತಿ ಪುಟ್ಟಸಿದ್ದಮ್ಮನ ಸೋಬಾನೆ ಪದಗಳು. ಆ ಪದಗಳು ಅಚ್ಚಾಗಿದ್ದ ಪುಸ್ತಕವನ್ನು ಮನೆಯಲ್ಲಿ ಗೆದ್ದಲು ತಿಂದಿತ್ತು. ಉಳಿದ ಒಂದೇ ಪ್ರತಿ ಕಲ್ಕತ್ತಾದ ಆ ಗ್ರಂಥಾಲಯದಲ್ಲಿತ್ತು. "ಅಷ್ಟ್ ದೂರ ಓಗಿ ಬರ್ಕೊಂಡ್ ಬಂದ್ರಲ್ಲ, ಎಂಥಾ ಪಿರೂತಿ ಮಾವ!" ಎಂದ ಟೀ ಅಂಗಡಿ ರಂಗನಾಯಕ. ಮರಿಯಯ್ಯ ಪಿಸುಗುಟ್ಟಿದರು: "ಪಿರೂತಿ ಎಲ್ ಬಂತ್ಲಾ? ಅವಳು ಹಾಡುವಾಗೆಲ್ಲ 'ಸುಮ್ಕಿರಮ್ಮಿ' ಅಂತ ಅರಚ್ತಿದ್ದೆ. ಒಂದ್ ಪದಾನೂ ಗ್ಯಾನ ಇರ್ನಿಲ್ಲ ಕಣ್ಲಾ."